ಆತಕೂರಿನ ಕಾಳಿ

ಕಳೆದ ಆಶ್ವಯುಜ ಮಾಸದ ಕೊನೆಯಲ್ಲಿ ನಮ್ಮ ಮನೆಯ ನಾಯಿಯು ಸತ್ತಿತು. ಅದರ ಹೆಸರು ಕರಿಯ. ಒಂಬತ್ತು ವರ್ಷಗಳಿಂದ ಜಗಲಿಯ ಕೆಳಗೆ ಬಿದ್ದುಕೊಂಡಿದ್ದು, ರಾತ್ರಿಯ ಹೊತ್ತು ತೋಟಕ್ಕೆ ನುಗ್ಗುವ ಹಂದಿಗಳನ್ನು ಬೊಗಳಿ ಓಡಿಸುತ್ತಿದ್ದ ಪ್ರಾಣಿಯು ಒಂದು ಬೆಳಗ್ಗೆ ಹೆದ್ದಾರಿಯನ್ನು ದಾಟುವಾಗ ಲಾರಿಯೊಂದರ ಚಕ್ರಕ್ಕೆ ಸಿಕ್ಕಿತು. ಬ್ರಹ್ಮಾವರದಿಂದ ಕುಂದಾಪುರದವರೆಗೆ, ಅಲ್ಲಿಂದ ಬೈಂದೂರಿನವರೆಗೆ, ಈ ರಸ್ತೆಯ ಮಗ್ಗುಲಲ್ಲಿ ವಾಸಿಸುವವರಿಗೆ ಇಂತಹ ಸಂಗತಿಯು ಹೊಸದಲ್ಲ. ಆದುದರಿಂದ ಅದನ್ನು ಮಾಸಪತ್ರಿಕೆಯಲ್ಲಿ ಬರೆಯತಕ್ಕ ವಿಷಯವೆಂದು ನಾನು ಎಣಿಸಿರಲಿಲ್ಲ. ಬರೆಯುವಂತೆ ಮಾಡಿದುದು ಅಂದು ನನ್ನ ಮೊಮ್ಮಗನು ಕೇಳಿದ ಒಂದು ಪ್ರಶ್ನೆ ಮತ್ತು ನಾನು ಅದಕ್ಕೆ ಕೊಟ್ಟ ಉತ್ತರ.

ಹುಡುಗನಿಗೆ ಹತ್ತು ವರ್ಷ. ನಾಯಿಯನ್ನು ಹಲಸಿನ ಮರದ ಬುಡದಲ್ಲಿ ಹೂಳಿಸಿ ನಾವು ಹಿಂದಿರುಗಿದಾಗ ಅವನು ಬಾವಿಕಟ್ಟೆಯ ಬಳಿಯಲ್ಲಿ ನಿಂತು, "ಅಜ್ಜಯ್ಯ, ಕರಿಯಂಗೆ ಸೂತಕ ಇಲ್ಯಾ?" ಎಂದು ಕೇಳಿದನು. ನಾನು ಪಾಠಶಾಲೆಯಲ್ಲಿ ಓದಿದವನು. ಆಶೌಚವು ಸಪಿಂಡರಿಗೆ ಇಷ್ಟು ದಿನ, ಸಮಾನೋದಕರಿಗೆ ಇಷ್ಟು ದಿನ, ಶ್ವಾನಕ್ಕೆ ಆಶೌಚವೆಂಬುದಿಲ್ಲ, ಮುಟ್ಟಿದವನಿಗೆ ಸ್ನಾನಮಾತ್ರವೇ ವಿಹಿತವೆಂದು ಹೇಳಿ ಒಳಕ್ಕೆ ಹೋದೆನು. ಉತ್ತರವು ಶಾಸ್ತ್ರದೃಷ್ಟಿಯಿಂದ ತಪ್ಪಲ್ಲ. ಹುಡುಗನು ಸ್ನಾನಮಾಡಿದನು, ಆ ದಿನ ಊಟಮಾಡಲಿಲ್ಲ. ಮರುದಿನವೂ ಅವನ ಕಣ್ಣು ಕೆಂಪಾಗಿದ್ದುದನ್ನು ನೋಡಿ ನೆರೆಮನೆಯವರೊಬ್ಬರು, "ನಾಯಿ ಸತ್ತದ್ದಕ್ಕೆ ಇಷ್ಟು ಮರ್ಕ್ತ್ರಾ?" ಎಂದು ನಕ್ಕರು. ನಾನು ನಗಲಿಲ್ಲ, ಆದರೆ ಅವರಿಗೆ ಏನನ್ನೂ ಹೇಳಲೂ ಇಲ್ಲ.

ಅಂದಿನ ರಾತ್ರಿ ನಿದ್ರೆ ಬಾರದೆ ಮಲಗಿದ್ದಾಗ ನನಗೆ ಆತಕೂರಿನ ಶಾಸನವು ನೆನಪಿಗೆ ಬಂದಿತು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪಾಠ ಹೇಳಿದವನಿಗೆ ಈ ಶಾಸನವು ಅಪರಿಚಿತವಲ್ಲ. ತಕ್ಕೋಲದ ಯುದ್ಧಕ್ಕೆ ಅದು ಆಧಾರವೆಂದು ಪ್ರತಿವರ್ಷವೂ ಹೇಳಿಕೊಟ್ಟಿದ್ದೇನೆ. ಕೊನೆಯಲ್ಲಿ, "ಇಷ್ಟೆಲ್ಲ ಯುದ್ಧವರ್ಣನೆಯು ಇರುವುದು ಒಂದು ನಾಯಿಯ ಗೋರಿಕಲ್ಲಿನ ಮೇಲೆ" ಎಂದು ಸೇರಿಸಿ ಹುಡುಗರನ್ನು ನಗಿಸಿದುದೂ ಉಂಟು. ಪಾಠದ ಕೊನೆಯಲ್ಲಿ ನಗೆ ಬಂದರೆ ಹುಡುಗರಿಗೆ ವಿಷಯವು ಮರೆಯುವುದಿಲ್ಲವೆಂಬುದು ನನ್ನ ಉಪಾಯವಾಗಿದ್ದಿತು. ಆ ನಗೆಯನ್ನು ಈಗ ಹಿಂದಕ್ಕೆ ತೆಗೆದುಕೊಳ್ಳುವುದಕ್ಕಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಆತಕೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಒಂದು ಗ್ರಾಮ. ಅಲ್ಲಿಯ ಚಲ್ಲೇಶ್ವರ ದೇವಾಲಯದ ಮುಂದೆ ನಿಂತಿದ್ದ ಕಲ್ಲನ್ನು ಈಗ ಬೆಂಗಳೂರಿನ ಸರಕಾರೀ ವಸ್ತುಸಂಗ್ರಹಾಲಯದಲ್ಲಿ ಇರಿಸಿರುವರು. ಶಾಸನದ ಭಾಷೆಯು ಹಳಗನ್ನಡ. ಕಾಲವು ಶಕವರ್ಷ ೮೭೨, ಸೌಮ್ಯ ಸಂವತ್ಸರ, ಎಂದರೆ ಕ್ರಿಸ್ತಶಕ ೯೪೯-೫೦. ಪಂಪನು ತನ್ನ ಭಾರತವನ್ನು ಮುಗಿಸಿ ಎಂಟೊಂಬತ್ತು ವರ್ಷಗಳಷ್ಟೇ ಆಗಿದ್ದುವು. ರಾಷ್ಟ್ರಕೂಟರ ಮೂರನೆಯ ಕೃಷ್ಣನು, ಎಂದರೆ ಕನ್ನರದೇವನು, ಆಳುತ್ತಿದ್ದ ಕಾಲ. ಗಂಗವಂಶದ ಇಮ್ಮಡಿ ಬೂತುಗನು ಅವನ ಭಾವಮೈದುನನೂ ಸಾಮಂತನೂ ಆಗಿದ್ದನು. ಈಗ ತಮಿಳುನಾಡಿನಲ್ಲಿ ಅರಕ್ಕೋಣಂ ಪಟ್ಟಣದ ಸಮೀಪದಲ್ಲಿರುವ ತಕ್ಕೋಲದಲ್ಲಿ ಇವರಿಬ್ಬರೂ ಚೋಳರಾಜಾದಿತ್ಯನನ್ನು ಎದುರಿಸಿದರು. ರಾಜಾದಿತ್ಯನು ಆನೆಯ ಮೇಲೆಯೇ ಮಡಿದನು. ಕನ್ನರದೇವನು ಮೆಚ್ಚಿ ಬೂತುಗನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಎಂಬ ಸೀಮೆಗಳನ್ನು ಕೊಟ್ಟನು.

ವಿದ್ವಾಂಸರ ದೃಷ್ಟಿಯು ಬಹುಕಾಲ ನಿಂತುದು ಇಷ್ಟರ ಮೇಲೆಯೇ. ಬೂತುಗನು ರಾಜಾದಿತ್ಯನನ್ನು ಕೊಂದ ಸಂದರ್ಭದ ವಾಕ್ಯವನ್ನು ಫ್ಲೀಟ್ ಸಾಹೇಬರು ಮೊದಲು ಓದಿದಾಗ, ಗಂಗರಾಜನು ವಂಚನೆಯಿಂದ ಕೊಂದನೆಂಬ ಅರ್ಥವು ಹುಟ್ಟಿದ್ದಿತು. ಅನಂತರ ಓದು ತಿದ್ದಲ್ಪಟ್ಟು, ಆನೆಯ ಬೆನ್ನಿನ ಪೀಠವೇ ರಣರಂಗವಾಯಿತೆಂಬ ಅರ್ಥವು ನಿಂತಿತು. ಒಂದು ಅಕ್ಷರದ ಸ್ಖಾಲಿತ್ಯದಿಂದ ಒಬ್ಬ ರಾಜನ ತಲೆಯ ಮೇಲೆ ಕುಳಿತಿದ್ದ ಕಳಂಕವು ಹೀಗೆ ಇಳಿಯಿತು. ಶಾಸನಾಭ್ಯಾಸಿಗಳಿಗೆ ಇದು ಪಾಠವೇ ಸರಿ. ಆದರೆ ಇಷ್ಟೊಂದು ಚರ್ಚೆಯ ನಡುವೆ ಕಲ್ಲು ನಿಂತಿರುವುದು ಯಾರಿಗಾಗಿ ಎಂಬುದು ಹಿಂದೆ ಸರಿದುಹೋಯಿತು.

ಬೂತುಗನ ಆಳು ಮಣಲೆರನೆಂಬವನು. ಸಗರವಂಶದವನೆಂದೂ ವಳಭಿಯ ಒಡೆಯನೆಂದೂ ಅವನ ಬಿರುದುಗಳು ಹೇಳುತ್ತವೆ. ಯುದ್ಧದಲ್ಲಿ ಅವನು ತೋರಿಸಿದ ಪರಾಕ್ರಮಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದನು. ಇಂತಹ ಸಮಯದಲ್ಲಿ ಯೋಧರು ಬೇಡುವುದು ಏನೆಂಬುದನ್ನು ನಮ್ಮ ಶಾಸನಗಳೇ ಸಾರುತ್ತವೆ. ಊರು, ಗದ್ದೆ, ಪದವಿ. ಮಣಲೆರನು ಬೇಡಿದುದು ಒಂದು ನಾಯಿಯನ್ನು. ಅದರ ಹೆಸರು ಕಾಳಿ. ಊರೂ ಅವನಿಗೆ ದೊರೆತುದು ನಿಜ. ಆತಕೂರು ಹನ್ನೆರಡನ್ನು ಬೂತುಗನು ಅವನಿಗೆ ಬಾಳ್ಗಚ್ಚಾಗಿ ಕೊಟ್ಟನು. ಆದರೆ ಅವನು ಬಾಯಿಬಿಟ್ಟು ಕೇಳಿದುದು ನಾಯಿಯನ್ನೇ.

ಆ ಮೇಲೆ ಒಂದು ದಿನ ಕೆಲಲೆನಾಡಿನಲ್ಲಿ, ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ, ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ನಾಯಿಯೂ ಹಂದಿಯೂ ಒಂದಕ್ಕೊಂದು ಕಾದಾಡಿ ಎರಡೂ ಸತ್ತುವು. ಆಗ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲನ್ನು ನಿಲ್ಲಿಸಿದರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಹೋರಾಡುತ್ತಿರುವಂತೆ ಕೆತ್ತಿರುವರು. ಹಂದಿಯು ಗಾತ್ರದಲ್ಲಿ ದೊಡ್ಡದು. ನಾಯಿಯು ಅದರ ಮುಖದ ಮೇಲೆಯೇ ಎರಗಿದೆ. ಸುತ್ತಲೂ ಅಕ್ಷರಗಳು. ಸಾಮಾನ್ಯವಾದ ವೀರಗಲ್ಲುಗಳಲ್ಲಿ ಸತ್ತವನನ್ನು ಅಪ್ಸರೆಯರು ವಿಮಾನದಲ್ಲಿ ಕೂರಿಸಿ ಸ್ವರ್ಗಕ್ಕೆ ಒಯ್ಯುವುದನ್ನು ನೋಡುತ್ತೇವೆ. ಆತಕೂರಿನ ಶಿಲ್ಪಿಯು ಚಾಮರ ಹಿಡಿದ ದೇವಸ್ತ್ರೀಯರ ಗೊಡವೆಗೆ ಹೋಗದೆ, ಆ ಹೋರಾಟದ ಒಂದು ಕ್ಷಣವನ್ನು ಮಾತ್ರ ಹಿಡಿದನು. ಕಣ್ಣಿನಿಂದ ಕಂಡುದು ಅದೇ ಆಗಿರಬೇಕು.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಬೆಂಗಳೂರಿಗೆ ಹೋಗಿದ್ದಾಗ ನಾನು ಆ ಕಲ್ಲನ್ನು ನೋಡಿದ್ದೇನೆ. ಹತ್ತಿರಕ್ಕೆ ಹೋಗಿ ತಕ್ಕೋಲದ ಹೆಸರು ಎಲ್ಲಿದೆಯೆಂದು ಹುಡುಕಿದೆನು. ನಾಯಿಯನ್ನು ನೋಡಿದ ನೆನಪು ಚೆನ್ನಾಗಿ ಇಲ್ಲ.

ಇನ್ನು ಶಾಸನದ ಕೊನೆಯ ಭಾಗಕ್ಕೆ ಬರೋಣ. ನನ್ನ ಮಟ್ಟಿಗೆ ಇಡೀ ಶಾಸನದಲ್ಲಿ ಅಮೂಲ್ಯವಾದುದು ಇದೇ. ಕಲ್ಲನ್ನು ನಿಲ್ಲಿಸಿದ ಬಳಿಕ ಅದರ ಪೂಜೆಗೆಂದು ಹಿರಿಯ ಕೆರೆಯ ಕೆಳಗೆ ಇರ್ಕಂಡುಗ ಮಣ್ಣನ್ನು ಬಿಟ್ಟರು. ಆ ಭೂಮಿಯನ್ನು ಅಪಹರಿಸಿದವನು ಆ ನಾಯಿಯು ಗೈದ ಪಾಪವನ್ನು ಹೊಂದುವನೆಂದು ಬರೆಯಿಸಿದರು. ಚಲ್ಲೇಶ್ವರನ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಪಾಪವೆಂದು ವಿಧಿಸಿದರು.

ದಾನಶಾಸನಗಳ ಶಾಪವಾಕ್ಯಗಳನ್ನು ಓದಿದವರಿಗೆ ಇಲ್ಲಿಯ ವೈಲಕ್ಷಣ್ಯವು ಕೂಡಲೇ ಗೋಚರವಾಗುವುದು. ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ, ವೇದವಿದರಾದ ಬ್ರಾಹ್ಮಣರನ್ನು ಕೊಂದ ಪಾಪ, ಇವು ರೂಢಿಯ ಮಾತುಗಳು. ಬಾರಕೂರಿನ ಸುತ್ತುಮುತ್ತಿನ ಕಲ್ಲುಗಳಲ್ಲಿಯೂ ಈ ಜಾತಿಯ ವಾಕ್ಯಗಳನ್ನು ನಾವು ಓದಿ ಬೇಸರಗೊಳ್ಳುವಷ್ಟು ಓದಿದ್ದೇವೆ. ಆತಕೂರಿನಲ್ಲಿ ಮಾತ್ರ ನಾಯಿಯ ಪಾಪವನ್ನು ಹೇಳಿದೆ. ನಾಯಿಯು ಮಾಡುವ ಪಾಪವೇನು? ಒಡೆಯನು ಬಿಟ್ಟಾಗ ಹೋಗಿ ಕಚ್ಚುವುದು. ಅದರ ಹಿಂಸೆಯೆಲ್ಲವೂ ಇನ್ನೊಬ್ಬನ ಆಜ್ಞೆಯಿಂದ ನಡೆದುದು. ಕಾಳಿಯ ಪಾಪವೆಂದರೆ ವಾಸ್ತವದಲ್ಲಿ ಮಣಲೆರನ ಪಾಪವೇ ಅಲ್ಲವೆ? ಹಂದಿಯ ಮೇಲೆ ಅದನ್ನು ಬಿಟ್ಟವನು ಅವನು. ಈ ವಾಕ್ಯವನ್ನು ಬರೆಯಿಸುವಾಗ ಅವನ ಮನಸ್ಸಿನಲ್ಲಿ ಏನಿದ್ದಿತೆಂಬುದನ್ನು ನಾವು ಊಹಿಸಬಹುದು, ಹೇಳಲಾಗದು. ಆದರೆ ಸಾಕಿದ ಪ್ರಾಣಿಯು ಸತ್ತಾಗ, ನಾನು ಅಂದು ಅದನ್ನು ಕಟ್ಟಿಹಾಕಿದ್ದರೆ ಎಂಬ ಒಂದು ಮಾತು ಎಲ್ಲರ ಹೊಟ್ಟೆಯಲ್ಲಿಯೂ ಉರಿಯುತ್ತದೆ. ಕರಿಯನು ಸತ್ತ ಬೆಳಗ್ಗೆ ಗೇಟಿನ ಅಗಳಿಯನ್ನು ಹಾಕಲು ಮರೆತವನು ನಾನೇ.

ಗೊರವನ ವಿಷಯವು ಇನ್ನೂ ಯೋಚನೀಯವಾಗಿದೆ. ಅವನಿಗೆ ಕಾಳಿಯು ಏನೂ ಅಲ್ಲ. ಅದು ಬದುಕಿದ್ದಾಗ ಒಮ್ಮೆ ಅವನನ್ನು ನೋಡಿ ಬೊಗಳಿದ್ದರೆ ಅದೇ ಹೆಚ್ಚು. ಆದರೂ ಅವನು ದಿನವೂ ಕಲ್ಲಿಗೆ ನೀರೆರೆದು ಪೂಜಿಸಿ ಅನಂತರ ಉಣ್ಣಬೇಕು. ಅವನ ತರುವಾಯ ಬರುವ ಗೊರವನೂ ಹಾಗೆಯೇ. ಮಣಲೆರನು ತನ್ನ ದುಃಖವನ್ನು ಹಾಡಿಕೊಳ್ಳಲಿಲ್ಲ. ಶಾಸನದಲ್ಲಿ ಶೋಕವೆಂಬ ಪದವೇ ಇಲ್ಲ. ಅವನು ಮಾಡಿದುದು ಇಷ್ಟೇ: ದುಃಖವನ್ನು ಒಂದು ನಿತ್ಯಕರ್ಮವನ್ನಾಗಿ ಮಾಡಿ, ಅದಕ್ಕೆ ಜಮೀನು ಬಿಟ್ಟು, ಇನ್ನೊಬ್ಬನ ಊಟದ ಮುಂಚಿನ ಹೊತ್ತಿಗೆ ಅದನ್ನು ಕಟ್ಟಿದನು. ತಾನು ಯುದ್ಧಕ್ಕೆ ಹೋದರೂ ಸತ್ತರೂ ಕಾಳಿಗೆ ನೀರು ತಪ್ಪಕೂಡದು. ಅಳುವವನನ್ನು ಕಂಡು ನಗುವವರಿಗೂ ಇದರಲ್ಲಿ ಅವಕಾಶವಿಲ್ಲ. ನಕ್ಕರೂ ಪೂಜೆ ಮಾಡಿಯೇ ಉಣ್ಣಬೇಕು.

ಶಾಸ್ತ್ರಜ್ಞರು ಇಲ್ಲಿ ಆಕ್ಷೇಪಿಸಬಹುದು. ಭಾಗವತದ ಪಂಚಮಸ್ಕಂಧದಲ್ಲಿ ಭರತರಾಜನು ಜಿಂಕೆಯ ಮರಿಯನ್ನು ಸಾಕಿ, ಅದರ ಮೇಲಣ ಮೋಹದಿಂದ ಅಂತ್ಯಕಾಲದಲ್ಲಿ ಅದನ್ನೇ ನೆನೆದು ಜಿಂಕೆಯಾಗಿ ಹುಟ್ಟಿದ ಕಥೆಯುಂಟು. ಪಾಠಶಾಲೆಯಲ್ಲಿ ನಮಗೆ ಇದನ್ನೇ ಎಚ್ಚರಿಕೆಯಾಗಿ ಹೇಳಿಕೊಟ್ಟಿದ್ದರು. ನಾನೂ ಇತರರಿಗೆ ಹೇಳಿದ್ದೇನೆ. ಆದರೆ ಅದೇ ಪಾಠಶಾಲೆಯಲ್ಲಿ ರಾಮಾಯಣವನ್ನೂ ಓದಿದ್ದೆವು. ಅರಣ್ಯಕಾಂಡದಲ್ಲಿ ಜಟಾಯುವು ಸತ್ತಾಗ ಶ್ರೀರಾಮನು, ಸೀತೆಯ ಅಪಹರಣದಿಂದಲೂ ತನಗೆ ಇಷ್ಟು ದುಃಖವಾಗಲಿಲ್ಲವೆಂದು ಲಕ್ಷ್ಮಣನೊಡನೆ ಹೇಳುತ್ತಾನೆ. ತನ್ನ ಕೈಯಿಂದಲೇ ಚಿತೆಗೆ ಬೆಂಕಿಯಿಟ್ಟು, ಪಿಂಡವನ್ನು ಕೊಟ್ಟು, ಗೋದಾವರಿಯಲ್ಲಿ ಉದಕವನ್ನು ಬಿಡುತ್ತಾನೆ. ಜಟಾಯುವು ಸಾಕಿದ ಪಕ್ಷಿಯಲ್ಲ, ದಶರಥನ ಸ್ನೇಹಿತನು, ಮಾತನಾಡುವವನು. ಆದುದರಿಂದ ದೃಷ್ಟಾಂತವು ಪೂರ್ಣವಾಗಿ ಹೊಂದುವುದಿಲ್ಲವೆಂದು ನಾನೇ ಒಪ್ಪುತ್ತೇನೆ. ಮಹಾಪ್ರಾಸ್ಥಾನಿಕ ಪರ್ವದಲ್ಲಿ ಧರ್ಮರಾಯನು ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದುದನ್ನೂ ಎಲ್ಲರೂ ಉದಾಹರಿಸುತ್ತಾರೆ. ಅಲ್ಲಿಯ ನಾಯಿಯು ಕೊನೆಗೆ ಯಮಧರ್ಮನಾಗಿ ನಿಲ್ಲುತ್ತದೆ. ಕಾಳಿಯು ಏನೂ ಆಗಿ ನಿಲ್ಲಲಿಲ್ಲ. ನಾಯಿಯಾಗಿ ಹುಟ್ಟಿ ನಾಯಿಯಾಗಿ ಸತ್ತಿತು. ಆದುದರಿಂದಲೇ ಆತಕೂರಿನ ಕಲ್ಲು ನನಗೆ ಆ ಕಥೆಗಿಂತ ಹೆಚ್ಚು ಹತ್ತಿರವಾಗಿ ತೋರುತ್ತದೆ.

ಇದು ಕನ್ನಡನಾಡಿನ ಒಂದೇ ಒಂದು ವಿಚಿತ್ರವೆಂದು ಯಾರೂ ಭಾವಿಸಬಾರದು. ತಮಿಳುನಾಡಿನ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ, ಎಂದರೆ ಏಳನೆಯ ಶತಮಾನದ, ಒಂದು ವೀರಗಲ್ಲಿದೆ. ತುರುಗಾಳಗದಲ್ಲಿ ಮಡಿದ ವೀರನ ಪಕ್ಕದಲ್ಲಿಯೇ ಅವನ ನಾಯಿಯನ್ನು ಕೆತ್ತಿ, ಅದರ ಹೆಸರು ಕೋವಿವನ್ ಎಂದೂ, ಅದು ಇಬ್ಬರು ಕಳ್ಳರನ್ನು ಕಚ್ಚಿ ಕಾವಲು ನಿಂತಿತೆಂದೂ ಬರೆದಿದ್ದಾರೆ. ಸಮುದ್ರದ ಆಚೆಗೆ ಹೋದರೆ, ಈಜಿಪ್ಟಿನ ಗಿಜಾದಲ್ಲಿ ೧೯೩೫ರಲ್ಲಿ ದೊರೆತ ಒಂದು ಶಿಲಾಲೇಖವು, ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಅರಸನೊಬ್ಬನು ತನ್ನ ಕಾವಲುನಾಯಿಗೆ ಶವಪೆಟ್ಟಿಗೆ, ನಾರುಬಟ್ಟೆ, ಧೂಪದ್ರವ್ಯಗಳನ್ನು ಕೊಡಿಸಿ ಸಮಾಧಿ ಮಾಡಿಸಿದುದನ್ನು ಹೇಳುತ್ತದೆ. ಆ ದೇಶವನ್ನು ಕುರಿತು ಗ್ರೀಕ್ ಇತಿಹಾಸಕಾರನಾದ ಹೆರೊಡೋಟಸನು ಬರೆದಿರುವುದು ಇನ್ನೂ ಸ್ವಾರಸ್ಯವಾದುದು. ಅಲ್ಲಿ ಮನೆಯ ಬೆಕ್ಕು ಸತ್ತರೆ ಮನೆಯವರು ಹುಬ್ಬುಗಳನ್ನು ಬೋಳಿಸಿಕೊಳ್ಳುತ್ತಿದ್ದರಂತೆ. ನಾಯಿ ಸತ್ತರೆ ತಲೆಯನ್ನೂ ಮೈಯನ್ನೂ ಸಂಪೂರ್ಣವಾಗಿ ಬೋಳಿಸಿಕೊಳ್ಳುತ್ತಿದ್ದರಂತೆ. ನಾಯಿಗೆ ಸೂತಕವಿಲ್ಲವೇ ಎಂಬ ಪ್ರಶ್ನೆಗೆ, ಇದೆಯೆಂದು ಉತ್ತರ ಕೊಡುವ ದೇಶವೂ ಒಂದಿದ್ದಿತು. ಇದನ್ನು ನಾನು ಮೊಮ್ಮಗನಿಗೆ ತಿಳಿಸಿದಾಗ ಅವನು ತನ್ನ ಹುಬ್ಬನ್ನು ಮುಟ್ಟಿ ನೋಡಿಕೊಂಡನು. ಮುಂದಿನ ಮಾತನ್ನು ಕೂಡಲೇ ಬೇರೆ ಕಡೆಗೆ ತಿರುಗಿಸಬೇಕಾಯಿತು.

ನಮ್ಮ ಕರಾವಳಿಯಲ್ಲಿ ನಾಯಿಗೆ ಕಲ್ಲು ನಿಲ್ಲಿಸಿದುದನ್ನು ನಾನು ಕಂಡಿಲ್ಲ. ಆದರೆ ಸಾಕಿದ ಪ್ರಾಣಿಯ ಮೇಲಣ ಮಮತೆಯು ದೈವದ ಮಟ್ಟಕ್ಕೆ ಏರಿದುದು ಇಲ್ಲಿ ಉಂಟು. ಪಂಜುರ್ಲಿಯ ವಿಷಯದಲ್ಲಿ ಪ್ರಚಲಿತವಾಗಿರುವ ಐತಿಹ್ಯಗಳಲ್ಲೊಂದರ ಪ್ರಕಾರ, ತಾಯಿಯಿಲ್ಲದ ಹಂದಿಯ ಮರಿಯನ್ನು ಪಾರ್ವತೀದೇವಿಯು ಸಾಕಿದಳು. ಬೆಳೆದು ಅದು ಶಿವನ ತೋಟವನ್ನು ಹಾಳುಮಾಡಿತು. ಶಿವನು ಕೊಲ್ಲಹೊರಟಾಗ ದೇವಿಯು ಅಡ್ಡಬಂದಳು. ಕೊನೆಗೆ ಅದು ಭೂಲೋಕಕ್ಕೆ ಇಳಿದು, ಜನರ ಬೆಳೆಯನ್ನೂ ಮನೆಯನ್ನೂ ಕಾಯುವ ದೈವವಾಯಿತು. ಆತಕೂರಿನಲ್ಲಿ ನಾಯಿಗೆ ಎದುರಾಗಿ ಸತ್ತ ಹಂದಿಯನ್ನೂ ಕಲ್ಲಿನಲ್ಲಿ ಕೆತ್ತಿದ್ದಾರೆಂಬುದನ್ನು ಮೇಲೆ ಹೇಳಿದೆನು. ಪಂಜುರ್ಲಿಯ ಮುಖವನ್ನು ಬಾಲ್ಯದಿಂದ ನೋಡಿದ ನಮ್ಮ ಕಡೆಯವರು ಆ ಕಲ್ಲಿನ ಮುಂದೆ ನಿಂತರೆ, ಕೈ ಮುಗಿಯುವುದು ಯಾವುದಕ್ಕೆಂದು ಸ್ವಲ್ಪ ತಡವರಿಸಬಹುದು.

ದುಃಖವು ಊರಿಗೆ ಸೇರಿದುದಾದರೆ ಅದಕ್ಕೆ ಯಾರೂ ನಗುವುದಿಲ್ಲ. ಬೈಂದೂರು ತಾಲೂಕಿನ ಕೊಲ್ಲೂರಿನಲ್ಲಿ ಮೂಕಾಂಬಿಕಾ ದೇವಾಲಯದ ಆನೆಯಾದ ಇಂದಿರಾ ೨೦೧೯ನೆಯ ಇಸವಿಯಲ್ಲಿ ತೀರಿಕೊಂಡಾಗ, ಆ ಆನೆಗೆ ಬಾಳೆಹಣ್ಣು ಕೊಟ್ಟು ಬೆಳೆದವರಿಗೆ ತಮ್ಮ ಮನೆಯವರನ್ನೇ ಕಳೆದುಕೊಂಡಂತಾಯಿತು. ಮೈಸೂರಿನ ದಸರೆಯಲ್ಲಿ ಎಂಟು ವರ್ಷ ಚಿನ್ನದ ಅಂಬಾರಿಯನ್ನು ಹೊತ್ತ ಅರ್ಜುನನೆಂಬ ಆನೆಯ ಮರಣವು ೨೦೨೩ರ ಡಿಸೆಂಬರ್ ೪ರಂದು ಸಕಲೇಶಪುರ ತಾಲೂಕಿನ ಯಸಳೂರು ಅರಣ್ಯದಲ್ಲಿ ನಡೆಯಿತು. ಕಾಡಾನೆಯನ್ನು ಹಿಡಿಯುವ ಕಾರ್ಯಕ್ಕೆ ಅದನ್ನು ಕರೆದೊಯ್ದಿದ್ದರು. ಒಂಟಿಸಲಗದೊಡನೆ ಕಾದಾಡಿ ಸತ್ತಿತು. ಮಾವುತನು ಅದರ ದೇಹದ ಮೇಲೆ ಬಿದ್ದು ಅತ್ತುದನ್ನು ನಾಡೆಲ್ಲ ನೋಡಿತು. ಅದಕ್ಕೊಂದು ಸ್ಮಾರಕವಾಗಬೇಕೆಂದು ಜನರು ಹಟಹಿಡಿದರು. ಒಡೆಯನ ಆಜ್ಞೆಯಂತೆ ಕಾಡುಮೃಗದ ಮೇಲೆ ಹೋಗಿ ಮಡಿದ ಪ್ರಾಣಿ, ಹೆಸರು ಹಿಡಿದು ಅಳುವ ಜನ, ಕಲ್ಲು ನಿಲ್ಲಿಸಬೇಕೆಂಬ ಬೇಡಿಕೆ: ಆತಕೂರಿನಿಂದ ಯಸಳೂರಿಗೆ ಸಾವಿರದ ಎಪ್ಪತ್ತು ವರ್ಷಗಳಿಗಿಂತ ಹೆಚ್ಚಿನ ಅಂತರವಿದ್ದರೂ ಸಂಗತಿಯು ಒಂದೇ. ದಸರೆಯ ಆನೆಗಾಗಿ ಅತ್ತವನು ನಗೆಗೀಡಾಗಲಿಲ್ಲ. ಜಗಲಿಯ ಕೆಳಗಿನ ನಾಯಿಗಾಗಿ ಅಳುವ ಹುಡುಗನು ಮಾತ್ರ ಬಾವಿಕಟ್ಟೆಯ ಹಿಂದೆ ಹೋಗಿ ಅಳಬೇಕಾಗುತ್ತದೆ.

ಕಾಳಿಯ ಕಲ್ಲು ಬೆಂಗಳೂರಿಗೆ ಬಂದುದರಿಂದ ಅಳಿಯದೆ ಉಳಿಯಿತು, ಅದಕ್ಕಾಗಿ ಕೃತಜ್ಞರಾಗಿರಬೇಕು. ಆದರೆ ಕೆರೆಯ ಕೆಳಗಣ ಇರ್ಕಂಡುಗ ಮಣ್ಣು ಅದರೊಡನೆ ಬರಲಿಲ್ಲ, ಗೊರವನೂ ಬರಲಿಲ್ಲ. ಅಲ್ಲಿ ನೋಡಲು ಬರುವವರು ಪೂಜೆಮಾಡದೆಯೇ ಊಟಕ್ಕೆ ಹೋಗುತ್ತಾರೆ. ಅವರಿಗೆ ಕಾಳಿಯ ಪಾಪವು ತಟ್ಟುವುದೆಂದು ಹೇಳುವಷ್ಟು ಕಠಿಣನು ನಾನಲ್ಲ. ತಟ್ಟುವುದಾದರೆ ಮೊದಲಿಗನು ನಾನೇ.

ಕರಿಯನು ಸತ್ತ ಐದಾರು ದಿನಗಳಾದ ಮೇಲೆ ಮೊಮ್ಮಗನನ್ನು ಹತ್ತಿರ ಕೂರಿಸಿಕೊಂಡು ಈ ಕಥೆಯನ್ನೆಲ್ಲ ಹೇಳಿದೆನು. ಗೊರವನ ಮಾತು ಬಂದಾಗ ಅವನು, "ಅವ ದಿನಾ ಮಾಡ್ತಿದ್ನಾ?" ಎಂದು ಎರಡು ಬಾರಿ ಕೇಳಿದನು. ಮರುದಿನ ಗದ್ದೆಯ ಅಂಚಿನಿಂದ ಒಂದು ಮುರಕಲ್ಲನ್ನು ಉರುಳಿಸಿಕೊಂಡು ಬಂದು ಹಲಸಿನ ಬುಡದಲ್ಲಿ ನಿಲ್ಲಿಸಿ, ಹೆಸರು ಬರೆದುಕೊಡಬೇಕೆಂದನು. ಮುರಕಲ್ಲಿನ ಮೇಲೆ ಅಕ್ಷರವು ನಿಲ್ಲುವುದಿಲ್ಲ. ಸುಣ್ಣದಿಂದ ಬರೆದುಕೊಟ್ಟೆನು, ಮಳೆಗಾಲಕ್ಕೆ ಹೋಗುತ್ತದೆಂದು ಅವನಿಗೂ ಹೇಳಿದ್ದೇನೆ.

ನಮ್ಮ ಮನೆಯಲ್ಲಿ ವೈಶ್ವದೇವವನ್ನು ಈಗಲೂ ನಡೆಸುತ್ತೇವೆ. ಅದರಲ್ಲಿ ಊಟಕ್ಕೆ ಮುಂಚೆ ಹೊರಗೆ ಇಡುವ ಬಲಿಯಲ್ಲಿ ಯಮನ ಎರಡು ನಾಯಿಗಳಾದ ಶ್ಯಾಮ ಶಬಲರಿಗೆ ಒಂದು ಭಾಗವಿದೆ. ನಾಯಿಗಳಿಗೂ ಕಾಗೆಗಳಿಗೂ ನೆಲದ ಮೇಲೆ ಅನ್ನವನ್ನಿಡಬೇಕೆಂದು ಮನುವೂ ಮೂರನೆಯ ಅಧ್ಯಾಯದಲ್ಲಿ ಹೇಳಿರುವನು. ಐವತ್ತು ವರ್ಷಗಳಿಂದ ನಾನು ಇದನ್ನು ಮಂತ್ರದೊಡನೆ ಮಾಡುತ್ತ ಬಂದಿದ್ದೇನೆ; ಆಶೌಚದ ಪ್ರಶ್ನೆಗೆ ಉತ್ತರ ಕೊಡುವಾಗ ಇದು ನೆನಪಿಗೆ ಬರಲಿಲ್ಲ. ಈಗ ಆ ಭಾಗವನ್ನು ಅಂಗಳದ ಮೂಲೆಯಲ್ಲಿಡುವ ಬದಲು ಹುಡುಗನ ಕೈಯಲ್ಲಿ ಕೊಡುತ್ತೇನೆ. ಅವನು ಅದನ್ನು ಹಲಸಿನ ಬುಡಕ್ಕೆ ಒಯ್ದಿಟ್ಟು ಬರುತ್ತಾನೆ. ಕಾಗೆಗಳು ತಿನ್ನುತ್ತವೆ. ಶಾಲೆಗೆ ಹೊತ್ತಾದ ದಿನ ಅವನ ಅಮ್ಮಮ್ಮನು ಇಟ್ಟು ಬರುತ್ತಾಳೆ. ಬಂದ ಮೇಲೆಯೇ ನನಗೆ ಎಲೆ ಹಾಕುತ್ತಾಳೆ.